ಸರ್ವಿಸ್ ಸೆಂಟರ್‌ನವರೇ ಬೈಕ್ ಕೆಡಿಸಿ ಕೊಟ್ರೆ ಏನ್ಮಾಡ್ಬೇಕು?

ಶೋರೂಮ್ ಸರ್ವಿಸ್‌ಗೆ ಬಿಡೋವಾಗ ಚೆನ್ನಾಗೇ ಇದ್ದ ಬೈಕು ವಾಪಸ್ ಬಂದ್ಮೇಲೆ ಆಯಿಲ್ ಸೋರೋಕೆ ಶುರುವಾಗುತ್ತೆ, ಇಲ್ಲಾ ಬ್ರೇಕ್ ಸರಿಯಾಗಿ ಹಿಡಿಯಲ್ಲ, ಇಲ್ಲಾ ಟ್ಯಾಂಕ್ ಮೇಲೆ ಹೊಸದಾಗಿ ಒಂದು ಗೀರು. ಹೋಗಿ ಕೇಳಿದ್ರೆ ‘ಸರ್, ಇದು ಮೊದ್ಲೇ ಇತ್ತು’ ಅಂತಾರೆ, ಅಲ್ಲಿಗೆ ನಮ್ಮ ಬಾಯಿ ಕಟ್ಟಿದ ಹಾಗೆ, ಯಾಕಂದ್ರೆ ಮೊದ್ಲು ಇರ್ಲಿಲ್ಲ ಅಂತ ತೋರ್ಸೋಕೆ ನಮ್ಮ ಹತ್ರ ಏನೂ ಇರಲ್ಲ. ಕೌಂಟರ್ ಮುಂದೆ ಎಷ್ಟೇ ಕೂಗಾಡಿದ್ರೂ ಪ್ರಯೋಜನ ಕಮ್ಮಿ. ಇಂಥ ಜಗಳ ಗೆಲ್ಲೋದು ಸೋಲೋದು ಕಾಗದದ ಮೇಲೆ, ಅದೂ ಗಾಡಿ ಒಳಗೆ ಹೋಗೋಕೆ ಮುಂಚೆನೇ ಶುರುವಾಗೋ ಕಾಗದದ ಮೇಲೆ.

ಗಾಡಿ ಬಿಡೋವಾಗ

ಜಾಬ್ ಕಾರ್ಡ್ ಅನ್ನೋದನ್ನ ಬರೀ ಟೋಕನ್ ಅಂದ್ಕೋಬೇಡಿ. ಅದ್ರಲ್ಲಿ ಕಿಲೋಮೀಟರ್ ರೀಡಿಂಗ್, ಪೆಟ್ರೋಲ್ ಎಷ್ಟಿದೆ, ಈಗಾಗ್ಲೇ ಎಲ್ಲೆಲ್ಲಿ ಗೀರಿದೆ, ನೀವು ಹೇಳಿದ ತೊಂದ್ರೆ ಏನು, ಎಸ್ಟಿಮೇಟ್ ಎಷ್ಟು, ಇಷ್ಟೂ ಇರ್ಬೇಕು. ‘ಜನರಲ್ ಚೆಕಪ್’ ಅಂತ ಬರ್ಕೊಂಡ್ರೆ ಒಪ್ಕೋಬೇಡಿ, ‘40ರ ಸ್ಪೀಡಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಹ್ಯಾಂಡಲ್ ನಡುಗುತ್ತೆ’ ಅಂತ ನಿಮ್ಮ ಮಾತಲ್ಲೇ ಬರೆಸಿ. ಕೇಳದೆ ಎಕ್ಸ್‌ಟ್ರಾ ಕೆಲಸ ಮಾಡಬೇಡಿ, ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಬೇಕು ಅನ್ನೋ ಎರಡು ಸಾಲನ್ನೂ ಸೇರ್ಸಿ. ಈಗೆಲ್ಲ ಟ್ಯಾಬ್‌ನಲ್ಲಿ ತೋರಿಸಿ ಸೈನ್ ಹಾಕಿಸ್ಕೊಳ್ತಾರಲ್ಲ, ಆ ಸ್ಕ್ರೀನನ್ನ ಫೋಟೋ ಹೊಡ್ಕೊಂಡು ಆಮೇಲೆ ಸೈನ್ ಹಾಕಿ. ಗೇಟ್ ಹತ್ರಾನೇ ಫೋನಲ್ಲಿ ಗಾಡಿ ಸುತ್ತ ಒಂದು ವಿಡಿಯೋ ಮಾಡಿ, ಮೀಟರ್, ಟ್ಯಾಂಕಿನ ಎರಡೂ ಕಡೆ, ಸೈಲೆನ್ಸರ್, ಮುಖ್ಯವಾಗಿ ಬಗ್ಗಿ ಇಂಜಿನ್ ಕೆಳಭಾಗ. ಕೆಳಭಾಗ ಯಾರೂ ತೆಗೆಯಲ್ಲ, ಆದ್ರೆ ಆಯಿಲ್ ಸೋರಿಕೆ ಜಗಳ ಬಂದ್ರೆ ಉಪಯೋಗಕ್ಕೆ ಬರೋದೇ ಅದು.

ವಾಪಸ್ ತಗೊಳ್ಳೋವಾಗ

ಬಿಲ್ ಕಟ್ಟಿ ಕೀ ಇಸ್ಕೊಂಡು ಹೊರಟುಬಿಡಬೇಡಿ, ಹತ್ತು ನಿಮಿಷ ಅಲ್ಲೇ ನೋಡಿ. ಗಾಡಿ ನೆಟ್ಟಗೆ ನಿಲ್ಲಿಸಿ ಆಯಿಲ್ ಗಾಜಲ್ಲೋ ಡಿಪ್‌ಸ್ಟಿಕ್‌ನಲ್ಲೋ ಮಟ್ಟ ಎರಡು ಗೆರೆ ಮಧ್ಯೆ ಇದ್ಯಾ ನೋಡಿ, ಕಮ್ಮಿ ಇದ್ರೆ ಹೇಗೆ ತಪ್ಪೋ ಜಾಸ್ತಿ ಹಾಕಿದ್ರೂ ತಪ್ಪೇ. ಚೈನನ್ನ ಬೆರಳಲ್ಲಿ ಮೇಲೆ ಕೆಳಗೆ ಆಡ್ಸಿ ನೋಡಿ, ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಟ ಇರ್ಬೇಕು, ನಿಮ್ಮ ಗಾಡಿಗೆ ಎಷ್ಟು ಅಂತ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ತಂತಿ ಥರ ಬಿಗಿಯಾಗಿದ್ರೆ ಬೇರಿಂಗ್, ಸ್ಪ್ರಾಕೆಟ್ ಎರಡೂ ಬೇಗ ಹೋಗುತ್ತೆ. ಹಿಂದಿನ ವೀಲ್ ಆಕ್ಸಲ್ ನಟ್ ಟೈಟ್ ಇದ್ಯಾ, ಪಿನ್ ಇರೋ ಮಾಡೆಲ್ ಆದ್ರೆ ಪಿನ್ ವಾಪಸ್ ಹಾಕಿದ್ದಾರಾ, ಸ್ವಿಂಗ್‌ಆರ್ಮ್‌ನ (ಹಿಂದಿನ ವೀಲ್ ಹಿಡಿದಿರೋ ತೋಳು) ಎರಡೂ ಕಡೆ ಚೈನ್ ಅಡ್ಜಸ್ಟರ್ ಒಂದೇ ಗೆರೆಗೆ ಇದ್ಯಾ ಇದನ್ನೂ ನೋಡಿ. ಮುಂದಿನ ಬ್ರೇಕ್ ಲಿವರ್ ಒತ್ತಿದ್ರೆ ಸ್ಪಂಜ್ ಥರ ಒಳಗೆ ಹೋಗ್ತಿದ್ರೆ ಗಾಡಿ ಹತ್ತಲೇಬೇಡಿ. ಬಿಲ್‌ನಲ್ಲಿ ಏರ್ ಫಿಲ್ಟರ್ ಅಂತಿದ್ರೆ ಹಳೇದನ್ನ ಕೇಳಿ, ಕೊಡೋಕೆ ತಡವರಿಸಿದ್ರೆ ಕವರ್ ಬಿಚ್ಚಿ ತೋರ್ಸಿ ಅನ್ನಿ, ಅದ್ರಲ್ಲಿ ನಾಚ್ಕೊಳ್ಳೋದೇನಿಲ್ಲ.

ಡ್ರೈನ್ ಬೋಲ್ಟ್ (ಹಳೇ ಆಯಿಲ್ ಹೊರಗೆ ಬಿಡೋಕೆ ಇಂಜಿನ್ ಕೆಳಗೆ ಇರೋ ಬೋಲ್ಟ್) ಕಥೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ಆಯಿಲ್ ಚೇಂಜ್ ಮಾಡೋವಾಗ ಆಗೋ ತಪ್ಪುಗಳಲ್ಲಿ ಗ್ರಾಹಕನ ತಲೆ ಮೇಲೆ ಅತಿ ಸುಲಭವಾಗಿ ಹಾಕೋದು ಇದನ್ನೇ. ಇಂಜಿನ್ ಕೇಸು ಅಲ್ಯೂಮಿನಿಯಂ, ಬೋಲ್ಟ್ ಸ್ಟೀಲು. ಟಾರ್ಕ್ ರೆಂಚ್ (ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಸ್ಪ್ಯಾನರ್) ಇಲ್ದೆ ಉದ್ದನೇ ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟು ತಿರುಗಿಸಿದ್ರೆ ಬೋಲ್ಟ್‌ಗೆ ಏನೂ ಆಗಲ್ಲ, ಕೇಸಿನ ಮರೆ, ಅಂದ್ರೆ ಬೋಲ್ಟ್ ಕೂರೋ ಥ್ರೆಡ್, ಕಿತ್ತು ಬರುತ್ತೆ. ಬೋಲ್ಟ್ ಬಿಚ್ಚಿ ನೋಡಿದ್ರೆ ಅದರ ಮರೆಗಳ ಮಧ್ಯೆ ಬೆಳ್ಳಿ ಬಣ್ಣದ ಸಣ್ಣ ಸುರುಳಿ ಸುತ್ಕೊಂಡಿರುತ್ತಲ್ಲ, ಅದು ನಿಮ್ಮ ಇಂಜಿನ್ನಿಂದ ಬಂದಿದ್ದು. ಆಮೇಲೆ ಟೆಫ್ಲಾನ್ ಟೇಪ್ ಸುತ್ತಿಯೋ, ಎಂ-ಸೀಲ್ ಮೆತ್ತಿಯೋ, ಸ್ವಲ್ಪ ದಪ್ಪ ಬೋಲ್ಟ್ ತುರುಕಿಯೋ ಕಳಿಸ್ತಾರೆ. ಕೆಲವು ದಿನ ಸೋರಲ್ಲ, ಆಮೇಲೆ ಒಂದಿನ ಹೈವೇಲಿ ಬೋಲ್ಟ್ ಬಿದ್ದು ಆಯಿಲ್ ಖಾಲಿಯಾಗಿ ಇಂಜಿನ್ ಸೀಜ್ ಆಗ್ಬಹುದು, ಅದೇ ಆಯಿಲ್ ಹಿಂದಿನ ಟೈರ್‌ಗೆ ಬಿದ್ರೆ ಜೀವಕ್ಕೇ ಅಪಾಯ. ಸರಿಯಾದ ರಿಪೇರಿ ಎರಡೇ, ಒಂದು ಹೆಲಿಕಾಯಿಲ್ (ಥ್ರೆಡ್ ಆಗಿ ಕೂರೋ ತಂತಿ ಸುರುಳಿ) ಥರದ ಹೊಸ ಮರೆ ಕೂರಿಸೋದು, ಇಲ್ಲಾ ಕೇಸನ್ನೇ ಬದಲಾಯಿಸೋದು. ಯಾವುದು ಮಾಡಿದ್ರೂ ಏನು ಮಾಡಿದ್ರು ಅಂತ ಬಿಲ್ ಮೇಲೆ ಬರೆಸ್ಕೊಳ್ಳಿ, ಗ್ಯಾರಂಟಿ ಎಷ್ಟು ದಿನ ಅಂತಾನೂ.

ಆಯಿಲ್ ಬಗ್ಗೆ ಇನ್ನೊಂದು ಮಾತು. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ಚು ಇಂಜಿನ್ ಆಯಿಲಲ್ಲೇ ಮುಳುಗಿರುತ್ತೆ, ಅದಕ್ಕೆ ಜಾಸೋ (JASO, ಜಪಾನಿನ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಡಬ್ಬಿ ಮೇಲೆ ಇರೋ ಆಯಿಲ್ಲೇ ಬೇಕು. ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಸ್ಲಿಪ್ ಆಗ್ಬಹುದು. ಸರ್ವಿಸ್ ಆದ್ಮೇಲೆ ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕೂಗುತ್ತೆ, ಗಾಡಿ ಓಡಲ್ಲ ಅನ್ನಿಸಿದ್ರೆ ಯಾವ ಆಯಿಲ್ ಹಾಕಿದ್ರಿ ಅಂತ ಮೊದ್ಲು ಕೇಳಿ.

ತಪ್ಪು ಸಿಕ್ಕಿದ ಮೇಲೆ

ಫೋಟೋ, ವಿಡಿಯೋ ತೆಗೀರಿ, ಮೀಟರ್ ರೀಡಿಂಗ್ ಸೇರ್ಸಿ. ಸರ್ವಿಸ್ ಆದ್ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಅನ್ನೋದೇ ಅರ್ಧ ಸಾಕ್ಷಿ. ಬ್ರೇಕೋ ವೀಲೋ ಆದ್ರೆ ಓಡಿಸ್ಕೊಂಡು ಹೋಗ್ಬೇಡಿ, ಅವ್ರೇ ಬಂದು ಎತ್ಕೊಂಡು ಹೋಗ್ಲಿ. ಸಿಟ್ಟಲ್ಲಿ ಪಕ್ಕದ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ, ಬಿಚ್ಚಿಸಿದ್ರೆ ‘ಹೊರಗಿನವ್ರು ಕೈ ಹಾಕಿದ್ದಾರೆ’ ಅಂತ ಡೀಲರ್ ಜಾರ್ಕೊಳ್ತಾರೆ, ವಾರಂಟಿ ಗಾಡಿ ಆದ್ರೆ ಇನ್ನೂ ತೊಡಕು. ಎರಡನೇ ಅಭಿಪ್ರಾಯ ಬೇಕಾದ್ರೆ ಅದೇ ಕಂಪನಿಯ ಬೇರೆ ಡೀಲರ್ ಹತ್ರ ಬರೀ ಇನ್‌ಸ್ಪೆಕ್ಷನ್‌ಗೆ ಜಾಬ್ ಕಾರ್ಡ್ ಹಾಕ್ಸಿ, ಅವ್ರು ಕಂಡಿದ್ದನ್ನ ಬರೆದು ಕೊಡ್ಲಿ.

ಫೋನಲ್ಲಿ ಮಾತಾಡಿದ್ರೂ ಅವತ್ತೇ ಇಮೇಲ್ ಹಾಕಿ, ಸರ್ವಿಸ್ ಮ್ಯಾನೇಜರ್‌ಗೆ ಹಾಕಿ ಕಂಪನಿ ಕಸ್ಟಮರ್ ಕೇರ್‌ಗೂ ಕಾಪಿ ಇಡಿ. ಬೈಗುಳ ಬೇಡ, ಹೀಗಿದ್ರೆ ಸಾಕು:

‘ಇಂಥ ದಿನಾಂಕದಂದು, ಇಷ್ಟು ಕಿ.ಮೀ. ಇದ್ದಾಗ, ಇಂಥ ಜಾಬ್ ಕಾರ್ಡ್ ನಂಬರಿನಲ್ಲಿ ನನ್ನ ಬೈಕನ್ನು ಸರ್ವಿಸ್‌ಗೆ ಕೊಟ್ಟಿದ್ದೆ. ವಾಪಸ್ ಪಡೆದ ನಂತರ ಇಷ್ಟು ಕಿ.ಮೀ. ಓಡಿದ ಮೇಲೆ ಡ್ರೈನ್ ಬೋಲ್ಟ್ ಹತ್ತಿರ ಆಯಿಲ್ ಸೋರುತ್ತಿದೆ. ಸರ್ವಿಸ್‌ಗೆ ಮುಂಚಿನ ಮತ್ತು ನಂತರದ ಫೋಟೋ ಲಗತ್ತಿಸಿದ್ದೇನೆ. ಬಿಡಿಭಾಗ ಮತ್ತು ಕೂಲಿ ಎರಡಕ್ಕೂ ಹಣ ಪಡೆಯದೆ ಏಳು ದಿನದೊಳಗೆ ಸರಿಪಡಿಸಿಕೊಡಿ, ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.’

ಅವ್ರು ‘ತನ್ನಿ ಸರ್, ಹಂಗೇ ಮಾಡ್ಕೊಡ್ತೀವಿ’ ಅಂದ್ರೆ ಒಳ್ಳೇದೇ, ಆದ್ರೆ ಹೊಸ ಜಾಬ್ ಕಾರ್ಡ್ ಇಲ್ದೆ ಗಾಡಿ ಒಳಗೆ ಬಿಡಬೇಡಿ. ಕಾರ್ಡ್ ಇಲ್ದೆ ಮಾಡಿದ ರಿಪೇರಿ ದಾಖಲೆಯಲ್ಲಿ ನಡೆದೇ ಇಲ್ಲ.

ಕೇಳದೆ ಕೆಲಸ ಮಾಡಿ ದೊಡ್ಡ ಬಿಲ್ ಇಟ್ಟು ಗಾಡಿ ಬಿಡಲ್ಲ ಅಂದ್ರೆ? ಮಾಡಿದ ಕೆಲಸದ ಕೂಲಿ ಬರೋವರೆಗೆ ವಸ್ತು ಇಟ್ಕೊಳ್ಳೋ ಹಕ್ಕು ರಿಪೇರಿ ಮಾಡಿದವರಿಗೆ 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್‌ನಲ್ಲಿದೆ, ಆದ್ರೆ ಅದು ಒಪ್ಪಿದ ಕೆಲಸಕ್ಕೆ. ಗಾಡಿ ತುರ್ತಾಗಿ ಬೇಕಿದ್ರೆ ಬಿಲ್ ಕಾಪಿ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಅಂತ ಬರೆದು, ಯುಪಿಐನಲ್ಲೇ ಕಟ್ಟಿ, ಗಾಡಿ ತಗೊಂಡು ಬಂದು ಆಮೇಲೆ ವಾಪಸ್ ಕೇಳಿ. ಅದೇ ಕಾಯ್ದೆಯ 151ನೇ ಸೆಕ್ಷನ್ ನಮ್ಮ ಪರ ಇದೆ, ಒಪ್ಪಿಸಿದ ವಸ್ತುನ ಜವಾಬ್ದಾರಿ ಇರೋ ಮನುಷ್ಯ ತನ್ನ ಸ್ವಂತದ್ದನ್ನ ನೋಡ್ಕೊಳ್ಳೋ ಹಾಗೆ ನೋಡ್ಕೋಬೇಕು ಅನ್ನುತ್ತೆ. ವರ್ಕ್‌ಶಾಪ್ ಒಳಗೆ ಬಿದ್ದ ಗೀರು, ಡೆಂಟಿಗೆಲ್ಲ ಇದೇ ಆಧಾರ.

ಇಮೇಲ್‌ಗೂ ಬಗ್ಗದಿದ್ರೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅವ್ರು ಕೋರ್ಟ್ ಅಲ್ಲ, ಆದೇಶ ಮಾಡಲ್ಲ, ಆದ್ರೆ ದೂರನ್ನ ಕಂಪನಿಗೆ ಕಳಿಸ್ತಾರೆ, ಗ್ರಾಹಕನಿಗೆ ಹೆದರದೆ ಇರೋ ಡೀಲರೂ ಕಂಪನಿಯಿಂದ ಫೋನ್ ಬಂದ್ರೆ ಓಡಿ ಬರೋದುಂಟು.

ಅದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಇದನ್ನ ಸೇವಾ ನ್ಯೂನತೆ ಅಂತಾರೆ. ಜನ ಹಿಂದೆ ಸರಿಯೋದು ಖರ್ಚಿನ ಭಯಕ್ಕೆ, ಆದ್ರೆ ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ದೂರಿಗೆ ಶುಲ್ಕವೇ ಇಲ್ಲ, ವಕೀಲರು ಇರಲೇಬೇಕು ಅಂತಾನೂ ಇಲ್ಲ. ಬೆಂಗಳೂರಲ್ಲಿ ಸರ್ವಿಸ್ ಮಾಡ್ಸಿ ಈಗ ರಾಯಚೂರಲ್ಲಿ ಇದ್ರೆ ರಾಯಚೂರಲ್ಲೇ ದೂರು ಕೊಡಬಹುದು, ಹಳೇ ಕಾಯ್ದೆಯಲ್ಲಿ ಈ ಅನುಕೂಲ ಇರ್ಲಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನಲ್ಲೂ ಹಾಕಬಹುದು. ತೊಂದ್ರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ. ಜಾಬ್ ಕಾರ್ಡ್, ಬಿಲ್, ಫೋಟೋ, ಇಮೇಲ್, ಆರ್‌ಸಿ ಕಾಪಿ ತಾರೀಕು ಪ್ರಕಾರ ಜೋಡಿಸಿ ಅಫಿಡವಿಟ್ ಸೇರ್ಸಿ.

ಎಷ್ಟು ಕೇಳ್ಬೇಕು ಅನ್ನೋದ್ರಲ್ಲಿ ಹಿಡಿತ ಇರ್ಲಿ. ರಿಪೇರಿ ಖರ್ಚು, ಗಾಡಿ ಇಲ್ದೆ ಇದ್ದಾಗ ಆಟೋ ಬಸ್ಸಿಗೆ ಆದ ಖರ್ಚು, ಮಾನಸಿಕ ಕಿರಿಕಿರಿಗೆ ಒಂದು ನ್ಯಾಯವಾದ ಮೊತ್ತ, ಕೇಸಿನ ಖರ್ಚು, ಇಷ್ಟಕ್ಕೂ ಲೆಕ್ಕ ಕೊಡಿ. ಎರಡು ಸಾವಿರದ ಡ್ಯಾಮೇಜಿಗೆ ಹತ್ತು ಲಕ್ಷ ಕೇಳಿದ್ರೆ ನಿಜವಾದ ದೂರೂ ಹಗುರ ಆಗುತ್ತೆ. ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಿದ್ರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ, ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಹೋಗಿ. ಮಧ್ಯದಲ್ಲಿ ಡೀಲರ್ ರಾಜಿಗೆ ಬಂದ್ರೆ ದುಡ್ಡು ಖಾತೆಗೆ ಬಿದ್ಮೇಲೇ ದೂರು ವಾಪಸ್ ತಗೊಳ್ಳಿ. ಆದೇಶ ನಿಮ್ಮ ಪರ ಬಂದ್ಮೇಲೂ ಪಾಲಿಸದೆ ಕೂತ್ರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ, 72ನೇ ಸೆಕ್ಷನ್ ಪ್ರಕಾರ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲಾ 25 ಸಾವಿರದಿಂದ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ ಹಾಕೋ ಅಧಿಕಾರ ಆಯೋಗಕ್ಕಿದೆ.