ಮನೆ ಶಿಫ್ಟ್ ಮಾಡುವಾಗ ಸಾಮಾನಿಗೆ ಇನ್ಶೂರೆನ್ಸ್: ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಬೆಂಗಳೂರಿನಿಂದ ಪುಣೆಗೋ ಹುಬ್ಬಳ್ಳಿಗೋ ಮನೆ ಶಿಫ್ಟ್ ಮಾಡುತ್ತಿದ್ದೀರಾ? ಪ್ಯಾಕರ್ಸ್‌ನವರು ಕೊಟ್ಟ ಕೊಟೇಶನ್ ಒಮ್ಮೆ ಪೂರ್ತಿ ಓದಿ. ಪ್ಯಾಕಿಂಗ್, ಲೋಡಿಂಗ್, ಲಾರಿ ಬಾಡಿಗೆ ಎಲ್ಲಾ ಆದಮೇಲೆ ಕೆಳಗೆಲ್ಲೋ 'ಇನ್ಶೂರೆನ್ಸ್ 3%' ಅಂತ ಒಂದು ಸಾಲು ಇರುವುದು ಮಾಮೂಲು. 5 ಲಕ್ಷದ ಸಾಮಾನಿಗೆ ಅದು 15,000 ರೂಪಾಯಿ, 18% ಜಿಎಸ್‌ಟಿ ಸೇರಿದರೆ 17,700. ಸಣ್ಣ ದುಡ್ಡೇನಲ್ಲ. ಅದು ಇನ್ಶೂರೆನ್ಸ್ ಕಂಪನಿಗೆ ಹೋಗುತ್ತದೋ, ಅವರ ಜೇಬಿನಲ್ಲೇ ಉಳಿಯುತ್ತದೋ ಅಂತ ಕೇಳಲೇಬೇಕು.

ಯಾಕೆಂದರೆ ಸಾಗಣೆಯವರು ತಾವೇ ಇನ್ಶೂರೆನ್ಸ್ ಮಾರುವ ಹಾಗಿಲ್ಲ, ಅದಕ್ಕೆ ಐಆರ್‌ಡಿಎಐ, ಅಂದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು. ಕೆಲವರು ಯಾವುದಾದರೂ ಇನ್ಶೂರೆನ್ಸ್ ಕಂಪನಿಯಲ್ಲಿ ಓಪನ್ ಪಾಲಿಸಿ (ಹಲವು ಲೋಡುಗಳಿಗೆ ಸೇರಿಸಿ ಒಂದೇ ಪಾಲಿಸಿ) ಇಟ್ಟುಕೊಂಡಿರುತ್ತಾರೆ, ಅದರ ಅಡಿಯಲ್ಲಿ ನಿಮ್ಮ ಲೋಡಿಗೆ ಬೇರೆಯೇ ಸರ್ಟಿಫಿಕೇಟ್ ತೆಗೆಸಿಕೊಡುತ್ತಾರೆ. ಅಂಥವರ ಬಗ್ಗೆ ತಕರಾರಿಲ್ಲ. ಕೆಲವರು ಮಾತ್ರ ಬಿಲ್ಲಿನಲ್ಲಿ ಸುಮ್ನೆ ಬರೆದು ದುಡ್ಡು ತಗೊಂಡಿರುತ್ತಾರೆ, ಪಾಲಿಸಿಯೇ ಇರುವುದಿಲ್ಲ. ಆದ್ದರಿಂದ ಲಾರಿ ಬರುವ ಮೊದಲೇ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ನಿಮ್ಮ ಹೆಸರು, ಎಲ್ಲಿಂದ ಎಲ್ಲಿಗೆ, ಎಷ್ಟು ಮೊತ್ತ, ಪಾಲಿಸಿ ನಂಬರ್ ಇರಬೇಕು, ತಾರೀಖು ಲೋಡಿಂಗ್‌ಗಿಂತ ಹಿಂದಿನದೇ ಆಗಿರಬೇಕು. ಆಮೇಲೆ ಇನ್ಶೂರೆನ್ಸ್ ಕಂಪನಿಗೇ ಫೋನ್ ಮಾಡಿ ಆ ನಂಬರ್ ನಿಜವಾ ಅಂತ ಕೇಳಿ. 'ಆಮೇಲೆ ವಾಟ್ಸಾಪ್ ಮಾಡ್ತೀವಿ ಸರ್' ಅಂದರೆ, ದುಡ್ಡನ್ನೂ ಆಮೇಲೆ ಕೊಡುತ್ತೇನೆ ಅನ್ನಿ.

ಸರ್ಟಿಫಿಕೇಟ್ ಬಂತು ಅಂದುಕೊಳ್ಳಿ. ಅದರಲ್ಲಿ ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಜ್ (ದೇಶದೊಳಗಿನ ಸಾಗಣೆಯ ಷರತ್ತು) ಎ, ಬಿ, ಸಿ ಅಂತ ಒಂದು ಅಕ್ಷರ ಇರುತ್ತದೆ, ಕ್ಲೇಮು ಸಿಗುವುದು ಬಿಡುವುದು ಅದರ ಮೇಲೇ ನಿಂತಿದೆ. 'ಸಿ' ಅಂದರೆ ಬೆಂಕಿ, ಸಿಡಿಲು ಅಷ್ಟೇ. 'ಬಿ'ಯಲ್ಲಿ ಲಾರಿ ಡಿಕ್ಕಿ ಹೊಡೆದರೆ, ಮಗುಚಿದರೆ ಸಿಗುತ್ತದೆ. ಆದರೆ ನಮ್ಮ ಮನೆ ಸಾಮಾನು ಹಾಳಾಗುವುದು ಲಾರಿ ಮಗುಚಿ ಅಲ್ಲ, ಅಲ್ವಾ? ದಾರಿಯಲ್ಲಿ ಲಾರಿ ಕುಲುಕಿ ವಾಷಿಂಗ್ ಮಷೀನ್ ಜಜ್ಜುತ್ತದೆ, ಬೀರುವಿನ ಕನ್ನಡಿ ಒಡೆಯುತ್ತದೆ, ಒಂದು ಡಬ್ಬ ಕಾಣೆಯಾಗುತ್ತದೆ. ಇದಕ್ಕೆಲ್ಲ ಬೇಕಾದದ್ದು 'ಎ', ಅಂದರೆ ಆಲ್ ರಿಸ್ಕ್. ಅದರಲ್ಲೂ ಹಳೇ ಸಾಮಾನಿನ ಗೀರು, ಸೊಟ್ಟಗಾದದ್ದನ್ನು ಬಿಟ್ಟಿರಬಹುದು. ಹೊರಗೆ ಏನೂ ಪೆಟ್ಟಿಲ್ಲದೆ ಫ್ರಿಡ್ಜ್ ಓಡುತ್ತಿಲ್ಲ ಅಂದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಚಿನ್ನ, ನಗದು, ಮನೆ ಪತ್ರಗಳೂ ಸೇರುವುದಿಲ್ಲ. ಅವನ್ನು ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ನೀವೇ ಕಟ್ಟಿದ ಡಬ್ಬದಲ್ಲಿ ಏನಾದರೂ ಒಡೆದರೆ 'ಪ್ಯಾಕಿಂಗ್ ಸರಿಯಿರಲಿಲ್ಲ' ಅಂತ ತಳ್ಳಿಹಾಕುವುದು ಸುಲಭ, ಹಾಗಾಗಿ ಗಾಜಿನ ಸಾಮಾನು ಅವರ ಕೈಯಲ್ಲೇ ಕಟ್ಟಿಸಿ.

ಇನ್ನು ಲಿಸ್ಟು. ಬೇಜಾರಿನ ಕೆಲಸ, ಆದರೆ ಇಲ್ಲಿ ಸೋಮಾರಿತನ ಬೇಡ. 'ಮನೆ ಸಾಮಾನು, 22 ಡಬ್ಬ' ಅಂತ ಬರೆದರೆ ಯಾವ ಕ್ಲೇಮಿಗೂ ಉಪಯೋಗವಿಲ್ಲ. ಟಿವಿ ಅಂದರೆ ಯಾವ ಕಂಪನಿ, ಎಷ್ಟು ಇಂಚು, ಸೀರಿಯಲ್ ನಂಬರ್, ಈಗಿನ ಬೆಲೆ. ಪ್ಯಾಕ್ ಮಾಡುವ ಮುಂಚೆ ಟಿವಿ ಆನ್ ಮಾಡಿ, ಸ್ಕ್ರೀನ್ ಪೂರ್ತಿ ಕಾಣುವ ಹಾಗೆ ವಿಡಿಯೋ ತೆಗೆದು, ಹಾಗೇ ಹಿಂದೆ ಹೋಗಿ ಸೀರಿಯಲ್ ನಂಬರ್ ಸ್ಟಿಕ್ಕರ್ ತೋರಿಸಿ. ಪ್ಯಾನೆಲ್ ಒಡೆದಾಗ 'ಮೊದಲೇ ಒಡೆದಿತ್ತು' ಅನ್ನುವ ಮಾತಿಗೆ ಇದೊಂದೇ ಉತ್ತರ.

ಬೆಲೆ ಕಮ್ಮಿ ಬರೆದು ಪ್ರೀಮಿಯಂ ಉಳಿಸೋಣ ಅನ್ನಿಸುತ್ತದೆ. ಬೇಡ. 5 ಲಕ್ಷದ ಸಾಮಾನಿಗೆ ಎರಡೂವರೆ ಲಕ್ಷ ಅಂತ ಬರೆಸಿದ್ದರೆ, 50,000 ನಷ್ಟವಾದಾಗ ಅರ್ಧ ಇನ್ಶೂರೆನ್ಸಿಗೆ ಅರ್ಧ ದುಡ್ಡು ಅಂತ 25,000 ಕೊಟ್ಟು ಕೈತೊಳೆದುಕೊಳ್ಳಬಹುದು. ಜಾಸ್ತಿ ಬರೆದರೂ ಲಾಭವಿಲ್ಲ, ಕೊಡುವುದು ನಷ್ಟದಷ್ಟೇ.

ಬೈಕಿಗೂ ಬೇರೆ ದುಡ್ಡು ಕೇಳುತ್ತಾರೆ. ಕೊಡುವ ಮುಂಚೆ ನಿಮ್ಮ ಬೈಕ್ ಪಾಲಿಸಿ ನೋಡಿ. ಥರ್ಡ್ ಪಾರ್ಟಿ ಮಾತ್ರ ಅಲ್ಲದೆ ಓನ್ ಡ್ಯಾಮೇಜ್ (ನಿಮ್ಮದೇ ಬೈಕಿಗಾಗುವ ಹಾನಿ) ಕೂಡ ಇದ್ದರೆ, ರಸ್ತೆ ಅಥವಾ ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲಿ ಸೇರಿರುತ್ತದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದು ಬೇರೆ ಮಾತು.

ಇನ್ಶೂರೆನ್ಸ್ ಮಾಡಿಸಲೇ ಇಲ್ಲ ಅಂದರೂ ಸಾಗಣೆಯವರ ಹೊಣೆ ಪೂರ್ತಿ ಹೋಗುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳ ಪ್ರಕಾರ, ನೀವು ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ರಿಸ್ಕ್ ದರ (ಆ ಹೆಚ್ಚಿನ ಹೊಣೆಗೆ ಕೊಡುವ ಹೆಚ್ಚುವರಿ ದುಡ್ಡು) ಕೊಡದಿದ್ದರೆ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ. 'ಓನರ್ಸ್ ರಿಸ್ಕ್' (ನಷ್ಟವಾದರೆ ಮಾಲೀಕರದೇ ಹೊಣೆ) ಅಂತ ಸೀಲು ಹೊಡೆದ ಮಾತ್ರಕ್ಕೆ ಅವರು ಪೂರ್ತಿ ಪಾರಾಗುವುದಿಲ್ಲ. ಆದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಡಬೇಕು, ಫೋನಿನಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. ಇದಕ್ಕೆಲ್ಲ ಲಾರಿ ರಸೀದಿ, ಅಂದರೆ ಎಲ್‌ಆರ್ ಕೈಯಲ್ಲಿರಬೇಕು.

ಸಾಮಾನು ಇಳಿಸುವಾಗ ಹುಡುಗರು ಅವಸರ ಮಾಡುತ್ತಾರೆ, 'ಸೈನ್ ಹಾಕಿ ಮೇಡಂ, ಇನ್ನೊಂದು ಲೋಡ್ ಇದೆ' ಅಂತ. ಟಿವಿ, ಫ್ರಿಡ್ಜ್, ವಾಷಿಂಗ್ ಮಷೀನನ್ನಾದರೂ ಅವರೆದುರೇ ಬಿಚ್ಚಿಸಿ. ಒಡೆದಿದ್ದರೆ ಡೆಲಿವರಿ ರಸೀದಿಯ ಮೇಲೆಯೇ ಬರೆದು ಆಮೇಲೆ ಸಹಿ ಹಾಕಿ. ಒಡೆದದ್ದನ್ನೂ ಡಬ್ಬವನ್ನೂ ಎಸೆಯಬೇಡಿ, ನಷ್ಟ ಅಳೆಯುವ ಸರ್ವೇಯರ್ ಬಂದರೆ ನೋಡಬೇಕಾಗುತ್ತದೆ. ಇನ್ಶೂರೆನ್ಸ್ ಕಂಪನಿಗೆ ಅವತ್ತೇ ಇಮೇಲ್ ಮಾಡಿ.

ಇನ್ಶೂರೆನ್ಸ್ ಕಂಪನಿ ಕ್ಲೇಮ್ ನಿರಾಕರಿಸಿದರೆ, ಮೊದಲು ಅವರಿಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸುವ ಅಧಿಕಾರಿಯ ಹತ್ತಿರ ಹೋಗಬಹುದು. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸೂ ಇಲ್ಲ, ವಕೀಲರೂ ಬೇಡ. ಪ್ಯಾಕರ್ಸ್‌ನವರ ಮೇಲಿನ ದೂರು ಮಾತ್ರ ಅಲ್ಲಿ ನಡೆಯುವುದಿಲ್ಲ, ಅದಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.