ಹೆಂಡತಿ ಊರಲ್ಲಿಲ್ಲ, ಮಗಳಿಗೆ ಜ್ವರ

ಹೆಂಡತಿ ಆಫೀಸ್ ಕೆಲಸದ ಮೇಲೆ ಐದು ದಿನ ಹೊರದೇಶಕ್ಕೆ ಹೋಗಿದ್ದಳು. ಎರಡನೇ ದಿನ ಸಂಜೆ ಡೈಪರ್ ಬದಲಿಸುವಾಗ ಮಗಳ ತೊಡೆ ಮುಟ್ಟಿದೆ, ಸುಡುತ್ತಿತ್ತು. ಒಂಬತ್ತು ತಿಂಗಳ ಮಗು, ಎಂಟು ಕೆಜಿ. ಥರ್ಮಾಮೀಟರ್ 39.5 ತೋರಿಸಿತು, ಫ್ಯಾರನ್‌ಹೀಟಿನಲ್ಲಿ 103ರ ಮೇಲೆ. ನೆಗಡಿ ಇಲ್ಲ, ಕೆಮ್ಮಿಲ್ಲ, ವಾಂತಿ ಭೇದಿ ಏನೂ ಇಲ್ಲ. ಬರೀ ಜ್ವರ.

ನಾನು ಮಗುವಿನ ಕೆಲಸ ಮಾಡದ ಅಪ್ಪ ಅಲ್ಲ. ಸ್ನಾನ ಮಾಡಿಸ್ತೀನಿ, ಮಲಗಿಸ್ತೀನಿ, ರಾತ್ರಿ ಎದ್ದು ಬಾಟಲಿನೂ ಕೊಡ್ತೀನಿ. ಆದರೆ ಕಾಯಿಲೆ ಅಂತ ಬಂದಾಗ ಯಾವಾಗಲೂ ಎರಡನೇ ಆಳಾಗಿಯೇ ಇದ್ದೆ. ಯಾವ ಔಷಧಿ, ಎಷ್ಟು, ಡಾಕ್ಟರಿಗೆ ಫೋನ್ ಮಾಡಬೇಕಾ ಬೇಡ್ವಾ, ಎಲ್ಲಾ ಅವಳ ತಲೆಯಲ್ಲಿ ಇರುತ್ತಿತ್ತು. ಬಟ್ಟೆ ತಗೊಂಡು ಬಾ ಅಂದರೆ ತರೋದು, ಹಿಡ್ಕೋ ಅಂದರೆ ಹಿಡ್ಕೊಳ್ಳೋದು, ಅಷ್ಟೇ ನನ್ನ ಪಾಲು. ಅದು ಗೊತ್ತಾಗಿದ್ದೇ ಆ ಸಂಜೆ.

ಮೊದಲ ತಪ್ಪು ಫೋನಿನಲ್ಲಿ ಆಯಿತು. ಅವಳು ಮೀಟಿಂಗಿನಲ್ಲಿದ್ದಳು, ಫೋನ್ ಸೈಲೆಂಟ್. ನಾನು ಸಾಲಾಗಿ ಮೆಸೇಜ್ ಹಾಕಿದೆ: ‘ಮೈ ಸುಡ್ತಿದೆ’, ‘ಫೋನ್ ತೆಗಿ’, ‘ಏನ್ ಮಾಡ್ಲಿ’, ‘ತುಂಬಾ ಅಳ್ತಿದಾಳೆ’. ಒಟ್ಟು ಹನ್ನೊಂದು. ಎರಡು ಗಂಟೆ ಬಿಟ್ಟು ಅವಳು ಹೊರಗೆ ಬಂದು ಅದನ್ನೆಲ್ಲ ಒಟ್ಟಿಗೆ ಓದಿದಾಗ ಏನಾಗಿರಬೇಡ! ಅಷ್ಟು ಹೊತ್ತಿಗೆ ಇಲ್ಲಿ ಜ್ವರ ಇಳಿದು ಮಗು ಚಮಚ ಬಡಿಯುತ್ತಾ ಕೂತಿತ್ತು. ಅಲ್ಲಿ ಅವಳು ಟಾಯ್ಲೆಟ್ಟಿನಲ್ಲಿ ನಿಂತು ಅಳುತ್ತಿದ್ದಳು. ‘ವಾಪಸ್ ಬಂದುಬಿಡ್ಲಾ?’ ಅಂತ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಬರಬೇಕಾದಷ್ಟು ಆಗಿದೆಯಾ ಇಲ್ವಾ ಅನ್ನೋದೇ ನನಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆ. ಕೌಂಟರಿನಲ್ಲಿದ್ದವರು ‘ತಾಯಿ ಬಂದಿಲ್ವಾ?’ ಅಂದರು. ಒಳಗೆ ನರ್ಸ್ ಕೂಡ ಅದನ್ನೇ ಕೇಳಿದರು. ಇದಕ್ಕೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ, ಆದರೆ ಸಿಟ್ಟು ಬಂತು ಅಂತ ಹೇಳಿಕೊಳ್ಳೋಕೆ ನಾಚಿಕೆಯೂ ಇಲ್ಲ.

ಡಾಕ್ಟರು ಕಿವಿ, ಗಂಟಲು, ಎದೆ ಎಲ್ಲಾ ನೋಡಿದರು. ಜ್ವರ ಎಲ್ಲಿಂದ ಬಂತು ಅಂತ ಕಾಣಿಸದೇ ಇದ್ದಾಗ, ಅದರಲ್ಲೂ ಹೆಣ್ಣು ಮಗು ಅಂದಾಗ, ಮೂತ್ರದ ಸೋಂಕು ಇದೆಯಾ ಅಂತ ನೋಡಲೇಬೇಕಂತೆ. ಸರಿ, ಒಂದು ಸಣ್ಣ ಡಬ್ಬಿ ಕೈಗೆ ಕೊಟ್ಟರು. ಒಂಬತ್ತು ತಿಂಗಳ ಮಗು ಉಚ್ಚೆ ಮಾಡೋ ಗಳಿಗೆಗೆ ಸರಿಯಾಗಿ ಆ ಡಬ್ಬಿ ಹಿಡಿಯಬೇಕು, ಅದೂ ಡಬ್ಬಿಯ ಒಳಗೆ ಬೆರಳು ತಾಗದ ಹಾಗೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಡಬ್ಬಿ, ಇಪ್ಪತ್ತು ನಿಮಿಷ ಹಾಗೇ ಕೂತೆ. ಒಂದು ಸಲ ನನ್ನ ಪ್ಯಾಂಟಿನ ಮೇಲೆ ಹೋಯಿತು. ಕೊನೆಗೆ ನರ್ಸೇ ಬಂದು, ಹೊಕ್ಕುಳ ಕೆಳಗೆ ತಣ್ಣಗಿನ ಒದ್ದೆ ಹತ್ತಿಯಲ್ಲಿ ಮೆಲ್ಲಗೆ ಉಜ್ಜುತ್ತಾ ಇರಿ ಅಂದರು. ಎರಡೇ ನಿಮಿಷ, ಡಬ್ಬಿ ಅರ್ಧ ತುಂಬಿತು. ತಾಯಿ ಬಂದಿಲ್ವಾ ಅಂತ ಕೇಳಿದವರ ಮೇಲಿದ್ದ ಸಿಟ್ಟೂ ಅಲ್ಲಿಗೆ ಮುಗಿಯಿತು.

ಮೂತ್ರದಲ್ಲಿ ಏನೂ ಇರಲಿಲ್ಲ. ವೈರಸ್ ಜ್ವರ ಇರಬೇಕು, ಎರಡು ದಿನ ನೋಡೋಣ ಅಂದರು. ಆಗ ನಾನು ಕೇಳಿದ ಒಂದು ಪ್ರಶ್ನೆಯೇ ಮುಂದಿನ ಎರಡು ರಾತ್ರಿ ನನ್ನನ್ನು ಕಾಪಾಡಿತು. ‘ರಾತ್ರಿ ನಾನೊಬ್ಬನೇ ಇರ್ತೀನಿ ಡಾಕ್ಟ್ರೇ, ಏನು ಕಂಡರೆ ತಕ್ಷಣ ಹೊರಡಬೇಕು ಅಂತ ಹೇಳಿ, ಬರ್ಕೊಳ್ತೀನಿ’ ಅಂದೆ. ಅವರು ನಿಧಾನಕ್ಕೆ ಹೇಳಿದರು, ನಾನು ಅವರ ಚೀಟಿಯ ಹಿಂದೆಯೇ ಬರೆದುಕೊಂಡೆ. ಎಂಟು ಗಂಟೆ ಡೈಪರ್ ಒದ್ದೆ ಆಗದಿದ್ದರೆ. ನೆತ್ತಿಯ ಮೆತ್ತನೆ ಜಾಗ ಗುಳಿ ಬಿದ್ದರೆ ಅಥವಾ ಉಬ್ಬಿದರೆ. ಮಗು ಸುಮ್ಮನೆ ಮಲಗಿರುವಾಗ ಒಂದು ನಿಮಿಷ ಪೂರ್ತಿ ಎಣಿಸಿ, ಉಸಿರು 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಅಥವಾ ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಹೋಗುತ್ತಿದ್ದರೆ. ಎಬ್ಬಿಸಿದರೂ ಏಳದೆ ಜೋತುಬಿದ್ದ ಹಾಗಿದ್ದರೆ. ಮೈಮೇಲೆ ದದ್ದು ಎದ್ದು, ಗಾಜಿನ ಲೋಟ ಒತ್ತಿ ನೋಡಿದರೂ ಬಣ್ಣ ಮಾಸದಿದ್ದರೆ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್; ಅದಕ್ಕೂ ಮೊದಲೇ ನಿಂತರೂ ಮಗುವನ್ನು ಡಾಕ್ಟರಿಗೆ ತೋರಿಸಲೇಬೇಕು. ಇದು ಒಂಬತ್ತು ತಿಂಗಳ ಮಗುವಿಗೆ ಹೇಳಿದ್ದು. ಮೂರು ತಿಂಗಳೂ ತುಂಬದ ಮಗುವಿಗೆ 38 ಡಿಗ್ರಿ ಮುಟ್ಟಿದರೆ ಸಾಕು, ಮನೆಯಲ್ಲಿ ಕೂತು ನೋಡೋ ಪ್ರಶ್ನೆಯೇ ಇಲ್ಲ, ನೇರ ಆಸ್ಪತ್ರೆಗೆ.

ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಪಕ್ಕದಲ್ಲಿ ಇನ್ನೊಂದು ಹಾಳೆ: ಗಂಟೆ, ಜ್ವರ, ಔಷಧಿ, ಹಾಲು, ಡೈಪರ್. ರಾತ್ರಿ ಮೂರು ಗಂಟೆಗೆ ನಿದ್ದೆಗೆಟ್ಟ ತಲೆ ಏನನ್ನೂ ಸರಿಯಾಗಿ ತೀರ್ಮಾನ ಮಾಡಲ್ಲ. ಒಂದೋ ಎಲ್ಲಕ್ಕೂ ಹೆದರುತ್ತೆ, ಇಲ್ಲಾ ಬೆಳಿಗ್ಗೆ ನೋಡಿದರಾಯ್ತು ಅನ್ನುತ್ತೆ. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರನ್ನು ಕೇಳಬಹುದು. ಒಬ್ಬನೇ ಇದ್ದಾಗ ಕೇಳೋಕೆ ಆ ಚೀಟಿ ಬೇಕು.

ಆ ಹಾಳೆ ಇಲ್ಲದಿದ್ದರೆ ಆಗಬಹುದಾಗಿದ್ದ ಅನಾಹುತ ಹೇಳ್ತೀನಿ. ನಮ್ಮ ಮನೆಯಲ್ಲಿ ಪ್ಯಾರಾಸಿಟಮಾಲ್ ಎರಡು ಬಾಟಲಿ ಇತ್ತು. ಒಂದು ಸಿರಪ್, 5 ಎಂಎಲ್‌ನಲ್ಲಿ 120 ಮಿಲಿಗ್ರಾಂ. ಇನ್ನೊಂದು ಚಿಕ್ಕ ಮಕ್ಕಳ ಡ್ರಾಪ್ಸ್, 1 ಎಂಎಲ್‌ನಲ್ಲೇ 100 ಮಿಲಿಗ್ರಾಂ. ಎಂಟು ಕೆಜಿಗೆ ಲೆಕ್ಕ ಹಾಕಿ ಡಾಕ್ಟರು ಹೇಳಿದ್ದು 5 ಎಂಎಲ್ ಸಿರಪ್, ಆರು ಗಂಟೆಗೆ ಒಂದು ಸಲ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ ಅಂತ. ರಾತ್ರಿ ಎರಡೂವರೆಗೆ ಹೆಗಲ ಮೇಲೆ ಮಗು ಕಿರುಚುತ್ತಿತ್ತು, ಲೈಟ್ ಹಾಕಿರಲಿಲ್ಲ, ಕೈಗೆ ಸಿಕ್ಕ ಬಾಟಲಿಯಿಂದ ಸಿರಿಂಜ್ ತುಂಬಿದೆ. ಹಾಳೆಯಲ್ಲಿ ಬರೆಯೋಕೆ ಅಂತ ಅಡುಗೆಮನೆ ಲೈಟ್ ಹಾಕಿದಾಗ ಸಿರಿಂಜಿನೊಳಗಿನ ಬಣ್ಣ ಬೇರೆ ಅನಿಸಿತು. ಡ್ರಾಪ್ಸ್! 5 ಎಂಎಲ್ ಅಂದರೆ 500 ಮಿಲಿಗ್ರಾಂ, ಕೊಡಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಕೈ ನಡುಗಿತು. ಅದನ್ನು ಸಿಂಕಿಗೆ ಚೆಲ್ಲಿ, ಡ್ರಾಪ್ಸ್ ಬಾಟಲಿಯನ್ನು ಮೇಲಿನ ಕಪಾಟಿನ ಮೂಲೆಗೆ ತಳ್ಳಿ, ಸಿರಪ್ ಬಾಟಲಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ. ಅವತ್ತಿನಿಂದ ನನ್ನ ಪದ್ಧತಿ ಇಷ್ಟೇ: ಮೊದಲು ಹಾಳೆಯಲ್ಲಿ ಬರಿ, ಆಮೇಲೆ ಬಾಯಿಗೆ ಹಾಕು. ಕೊಟ್ಟ ಮೇಲೆ ಬರೆದರಾಯ್ತು ಅಂದುಕೊಂಡರೆ ಕೊಟ್ಟೆನೋ ಇಲ್ವೋ ಅಂತ ಅನುಮಾನ ಶುರುವಾಗುತ್ತೆ.

ಉಳಿದ ವಿಷಯಗಳಲ್ಲಿ ಕೆಲವು ಬೇಗ ಕಲಿತೆ. ತಣ್ಣೀರು ಬಟ್ಟೆ ಹಾಕಿದರೆ ಮಗು ನಡುಗುತ್ತೆ, ಕಿರಿಕಿರಿ ಜಾಸ್ತಿ ಆಗುತ್ತೆ, ಲಾಭ ಕಾಣಲಿಲ್ಲ, ಬಿಟ್ಟೆ. ಹೊದಿಸಿ ಬೆಚ್ಚಗಿಡೋದೂ ಬೇಡ, ತೆಳು ಬಟ್ಟೆ ಒಂದು ಸಾಕು. ಹಾಲು ಒಂದೇ ಸಲ ಕುಡಿಯದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹತ್ತು ಸಲ ಕೊಟ್ಟೆ. ಜ್ವರ ಎಷ್ಟಿದೆ ಅನ್ನೋದಕ್ಕಿಂತ ಜ್ವರ ಇಳಿದಾಗ ಮಗು ಹೇಗಿದೆ ಅನ್ನೋದು ಮುಖ್ಯ ಅಂತ ಡಾಕ್ಟರು ಹೇಳಿದ್ದು ಮೊದಲು ಅರ್ಥ ಆಗಿರಲಿಲ್ಲ. ಜ್ವರ 39ರಿಂದ 38ಕ್ಕೆ ಬಂದ ಕೂಡಲೇ ಮಗು ನನ್ನ ಕನ್ನಡಕ ಕಿತ್ತುಕೊಂಡು ನಕ್ಕಾಗ ಅರ್ಥ ಆಯಿತು.

ಹೆದರಿಕೆ ಆಗಿದ್ದು ಇನ್ನೊಂದು ಕಡೆ. ಮೂರನೇ ರಾತ್ರಿ ಸೋಫಾದಲ್ಲಿ ಮಗುವನ್ನು ಎದೆ ಮೇಲೆ ಹಾಕಿಕೊಂಡು ಕೂತವನು ಹಾಗೇ ನಿದ್ದೆ ಹೋದೆ. ಎಚ್ಚರ ಆದಾಗ ಅವಳು ಜಾರಿ ನನ್ನ ತೋಳಿಗೂ ಸೋಫಾದ ಹಿಂಬದಿಗೂ ಮಧ್ಯೆ ಬಂದಿದ್ದಳು, ಮುಖ ಮೆತ್ತೆಗೆ ತಾಗುತ್ತಿತ್ತು. ಏನೂ ಆಗಿರಲಿಲ್ಲ. ಆದರೆ ಸೋಫಾದ ಮೇಲೆ ಮಗುವನ್ನು ಹಿಡಿದು ಮಲಗೋದು ಎಷ್ಟು ಅಪಾಯ ಅಂತ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಹೀಗಾಯಿತು. ಕಣ್ಣು ಎಳೆಯೋಕೆ ಶುರುವಾದರೆ ಅತ್ತರೂ ಪರವಾಗಿಲ್ಲ, ಅವಳ ಮಂಚದಲ್ಲಿ ಅಂಗಾತ ಮಲಗಿಸಿ ಬರಬೇಕು. ಹಾಗೆ ಮಲಗಿಸಿ ಐದು ನಿಮಿಷ ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದರೆ ನಾನೂ ಸ್ವಲ್ಪ ಮನುಷ್ಯ ಆಗುತ್ತಿದ್ದೆ. ಮರುದಿನ ಮಧ್ಯಾಹ್ನ ಒಬ್ಬ ಗೆಳೆಯನಿಗೆ ಫೋನ್ ಮಾಡಿ, ‘ಎರಡು ಗಂಟೆ ಬಂದು ಸುಮ್ನೆ ಮಗು ನೋಡ್ಕೋ, ನಾನು ಮಲಗಬೇಕು’ ಅಂತ ನೇರವಾಗಿ ಕೇಳಿದೆ. ಮೊದಲ ದಿನವೇ ಕೇಳಬೇಕಿತ್ತು.

ಹೆಂಡತಿಯ ವಿಷಯಕ್ಕೆ ಬರ್ತೀನಿ. ಹನ್ನೊಂದು ಮೆಸೇಜಿನ ಗಲಾಟೆ ಆದ ಮೇಲೆ ಇಬ್ಬರೂ ಕೂತು, ಅಂದರೆ ಫೋನಿನಲ್ಲೇ, ಒಂದು ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಮೂರು ಸಲ ಹಾಳೆಯ ಫೋಟೋ ಕಳಿಸ್ತೀನಿ, ಮಾತಿಲ್ಲ, ಬರೀ ಫೋಟೋ. ಚೀಟಿಯಲ್ಲಿರೋದು ಏನಾದರೂ ಕಂಡರೆ ಮಾತ್ರ ಎರಡು ಸಲ ಬೆನ್ನುಬೆನ್ನಿಗೆ ಕಾಲ್ ಮಾಡ್ತೀನಿ, ಆಗ ಎಂಥಾ ಮೀಟಿಂಗ್ ಇದ್ದರೂ ಎದ್ದು ಬರಬೇಕು. ಕಾಲ್ ಬಂದಿಲ್ಲ ಅಂದರೆ ಮಗು ಪರವಾಗಿಲ್ಲ ಅಂತ ಅರ್ಥ. ಇದರಿಂದ ಅವಳಿಗೆ ಕೆಲಸ ಮಾಡೋಕಾಯ್ತು. ಆದರೂ ದೂರ ಇದ್ದವರಿಗೆ ಏನೂ ಮಾಡೋಕೆ ಆಗದೆ ಕೂರೋದೇ ದೊಡ್ಡ ಹಿಂಸೆ, ಅಲ್ವಾ? ಅದಕ್ಕೆ ಡಾಕ್ಟರಿಗೆ ಫೋನ್ ಮಾಡಿ ಟೈಮ್ ತಗೊಳ್ಳೋದು, ರಿಪೋರ್ಟ್ ಬಂತಾ ಅಂತ ಕೇಳೋದು, ರಾತ್ರಿ ಔಷಧಿ ಹೊತ್ತಿಗೆ ನನ್ನನ್ನು ಎಬ್ಬಿಸೋದು, ಇವನ್ನೆಲ್ಲ ಅವಳೇ ವಹಿಸಿಕೊಂಡಳು. ಅಲ್ಲಿ ಹಗಲಿದ್ದಾಗ ಇಲ್ಲಿ ರಾತ್ರಿ, ಹಾಗಾಗಿ ನನ್ನ ಅಲಾರಂ ಅವಳೇ ಆಗಿದ್ದಳು.

ಜ್ವರ ಬಂದ ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಿತ್ತು, ಔಷಧಿ ಕೊಡದೆಯೂ ಏರಲಿಲ್ಲ. ಖುಷಿಯಾಗಿ ಅಂಗಿ ಬಿಚ್ಚಿದರೆ ಹೊಟ್ಟೆ ಬೆನ್ನು ತುಂಬಾ ಗುಲಾಬಿ ಬಣ್ಣದ ಸಣ್ಣ ಸಣ್ಣ ದದ್ದು! ಎದೆ ಧಸಕ್ ಅಂತು. ಚೀಟಿ ನೋಡಿದೆ, ಗಾಜಿನ ಲೋಟ ತಂದು ಒತ್ತಿದೆ. ಒತ್ತಿದ ಜಾಗದಲ್ಲಿ ಕಲೆ ಮಾಯವಾಗಿ ಚರ್ಮ ಬಿಳಿಚಿತು, ತೆಗೆದಾಗ ಮತ್ತೆ ಬಂತು. ಮೂರು ಕಡೆ ಒತ್ತಿ ನೋಡಿದೆ. ಮಗುವಿಗೆ ಇದೊಂದು ಹೊಸ ಆಟ, ಲೋಟ ಕಸಿದುಕೊಳ್ಳೋಕೆ ನೋಡಿತು. ಡಾಕ್ಟರಿಗೆ ತೋರಿಸಿದಾಗ ನೋಡಿದ ಕೂಡಲೇ ರೋಸಿಯೋಲಾ ಅಂದರು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ತುಂಬಾ ಮಾಮೂಲು, ಹರ್ಪಿಸ್ ಜಾತಿಯ ಒಂದು ವೈರಸ್‌ನಿಂದ ಬರೋದು. ಮೂರ್ನಾಲ್ಕು ದಿನ ಜೋರು ಜ್ವರ, ಜ್ವರ ಬಿಟ್ಟ ಮೇಲೆ ದದ್ದು, ಅದಕ್ಕೆ ಔಷಧಿ ಏನೂ ಬೇಡ, ತಾನಾಗೇ ಹೋಗುತ್ತೆ.

ಅವತ್ತು ರಾತ್ರಿ ಹೆಂಡತಿ ಬಂದಳು. ಬ್ಯಾಗ್ ಇಟ್ಟು, ಕೈ ತೊಳೆದು, ಮಗುವನ್ನು ಎತ್ತಿಕೊಳ್ಳುವ ಮೊದಲು ಫ್ರಿಜ್ ಮುಂದೆ ನಿಂತು ಹಾಳೆಯನ್ನು ಮೇಲಿಂದ ಕೆಳಗೆ ಓದಿದಳು. ‘2:30 ಅಂತ ಬರೆದು ಹೊಡೆದು ಹಾಕಿದ್ದೀಯಲ್ಲ, ಏನಿದು?’ ಅಂದಳು. ಹೇಳಿದೆ. ಅವಳು ಏನೂ ಮಾತಾಡದೆ ಸ್ಟೂಲ್ ಹತ್ತಿ ಮೇಲಿನ ಕಪಾಟಿನಿಂದ ಡ್ರಾಪ್ಸ್ ಬಾಟಲಿ ತೆಗೆದು ಕಸದ ಬುಟ್ಟಿಗೆ ಹಾಕಿದಳು.

ಒಂದು ವಿಷಯ ಡಾಕ್ಟರು ಹೇಳಿದ್ದನ್ನು ನಾನು ಅವಳಿಗೆ ಹೇಳೋಕೆ ಮರೆತಿದ್ದೆ. ರೋಸಿಯೋಲಾದಲ್ಲಿ ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಮಗು ವಿಪರೀತ ಕಿರಿಕಿರಿ ಮಾಡುತ್ತೆ. ಅಳು ಶುರುವಾದಾಗ ರಾತ್ರಿ ಹನ್ನೊಂದೂವರೆ. ನಾನು ಅಷ್ಟರಲ್ಲಿ ಮಲಗಿಯಾಗಿತ್ತು.