ಸೀರಿಯಲ್ ಪ್ರಿಯರು ‘ದುರ್ಗಾಸ್ತಮಾನ’ ಓದುವುದು ಹೇಗೆ?

ರಾತ್ರಿ ಸೀರಿಯಲ್ ತಪ್ಪಿಸದೆ ನೋಡುತ್ತೀರಿ ಅಂದ್ರೆ ದಪ್ಪ ಕಾದಂಬರಿಗೆ ಹೆದರಬೇಕಿಲ್ಲ. ಚಿತ್ರದುರ್ಗದ ಕೋಟೆ ಬಿದ್ದ ಕಥೆ ಹೇಳುವ ತರಾಸು ಅವರ ‘ದುರ್ಗಾಸ್ತಮಾನ’ ತಗೊಳ್ಳಿ, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ದಿನಕ್ಕೊಂದು ಎಪಿಸೋಡ್ ಲೆಕ್ಕದಲ್ಲಿ ಅರ್ಧ ಗಂಟೆ ಓದಿ, ಸಾಕು. ಹೆಸರುಗಳು ಜಾಸ್ತಿ ಅನ್ನಿಸಿದರೆ ಯಾರು ಯಾರಿಗೆ ಏನಾಗಬೇಕು ಅಂತ ಚೀಟಿಯಲ್ಲಿ ಬರೆದು ಪುಸ್ತಕದೊಳಗೇ ಇಡಿ. 1779ರಲ್ಲಿ ಕೋಟೆ ಹೈದರಾಲಿ ಪಾಲಾಯಿತು ಅನ್ನೋದು ದುರ್ಗದವರಿಗೆಲ್ಲ ಗೊತ್ತು, ಆದರೂ ಪುಟ ತಿರುಗಿಸುವಾಗ ಎದೆ ಡವಡವ ಅನ್ನುತ್ತದೆ, ಅದೇ ತರಾಸು ತಾಕತ್ತು. ಈಗಿನ ಸೀರಿಯಲ್‌ನಲ್ಲಿ ಅತ್ತೆ ಕಣ್ಣು ಕೆಕ್ಕರಿಸಿದ್ದನ್ನೇ ಮೂರು ಸಲ ತೋರಿಸುತ್ತಾರೆ, ಸುಮ್ನೆ ಎಳೆದಾಟ ಅಲ್ವಾ? ಅರ್ಧ ಮುಗಿದ ಮೇಲೆ ಒಂದು ಭಾನುವಾರ ಬಿಸಿಲೇರುವ ಮುಂಚೆ ಕೋಟೆ ಹತ್ತಿ. ಏಕನಾಥೇಶ್ವರಿ ಗುಡಿ, ಓಬವ್ವನ ಕಿಂಡಿ ನೋಡಿಕೊಂಡು ಬಂದು ಉಳಿದದ್ದು ಓದಿ.